ಮೂಗಿನ ಸ್ಟೀರಾಯ್ಡ್ ಸ್ಪ್ರೇ: ಹೆದರಬೇಕಾದ ಬಾಟಲಿ ಯಾವುದು?

ಪ್ರಶ್ನೆ: ನನಗೆ 41 ವರ್ಷ, ಬೆಂಗಳೂರಿನ ಯಲಹಂಕದಲ್ಲಿದ್ದೇವೆ. ಐದಾರು ವರ್ಷದಿಂದ ಬೆಳಿಗ್ಗೆ ಏಳುತ್ತಿದ್ದಂತೆ ಸಾಲಾಗಿ ಹದಿನೈದು ಇಪ್ಪತ್ತು ಸೀನು, ಮೂಗಿನಿಂದ ನೀರು, ಕಣ್ಣು ತುರಿಕೆ. ರಾತ್ರಿ ಮೂಗು ಕಟ್ಟಿ ಬಾಯಲ್ಲೇ ಉಸಿರಾಡಬೇಕು. ಎಂಟು ತಿಂಗಳಿಂದ ಮೆಡಿಕಲ್ ಶಾಪಿನ ಮೂಗು ಬಿಡಿಸುವ ಡ್ರಾಪ್ಸ್ ಹಾಕಿದರೆ ಮಾತ್ರ ನಿದ್ದೆ. ಇಎನ್‌ಟಿ ಡಾಕ್ಟರು ಫ್ಲುಟಿಕಾಸೋನ್ ಸ್ಪ್ರೇ ಬರೆದು, ಒಂದೊಂದು ಹೊಳ್ಳೆಗೆ ಎರಡೆರಡು ಸಲದಂತೆ ಮೂರು ತಿಂಗಳು ಹಾಕಿ ಅಂದರು. ನಾಲ್ಕು ದಿನ ಹಾಕಿದರೂ ಮೂಗು ಬಿಡಲಿಲ್ಲ, ಔಷಧ ಗಂಟಲಿಗೆ ಇಳಿಯುತ್ತಿತ್ತು. ಐದನೇ ದಿನ ಬಲ ಹೊಳ್ಳೆಯಲ್ಲಿ ರಕ್ತ ಬಂತು, ನಿಲ್ಲಿಸಿಬಿಟ್ಟೆ. ಅದು ಸ್ಟೀರಾಯ್ಡ್, ಮೂಳೆ ಸವೆಯುತ್ತೆ, ಮುಖ ಊದುತ್ತೆ, ಒಮ್ಮೆ ಹಿಡಿದರೆ ಬಿಡೋಕೆ ಆಗಲ್ಲ ಎನ್ನುತ್ತಾರೆ ನಮ್ಮ ಅತ್ತೆ. ಒಂಬತ್ತು ವರ್ಷದ ಮಗನಿಗೂ ಮೊಮೆಟಾಸೋನ್ ಸ್ಪ್ರೇ ಬರೆದಿದ್ದಾರೆ. ಅವನ ಬೆಳವಣಿಗೆ ನಿಂತುಹೋದರೆ? ನಮ್ಮ ತಂದೆಗೆ ಗ್ಲಾಕೋಮಾ ಇದೆ, ನಾನು ಇದನ್ನು ಹಾಕಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬಾಟಲಿಗಳಿವೆ. ಒಂದನ್ನು ನಾಲ್ಕು ದಿನ ಹಾಕಿ, ಹೆದರಿ ಬಿಟ್ಟಿದ್ದೀರಿ. ಇನ್ನೊಂದನ್ನು ಎಂಟು ತಿಂಗಳಿಂದ ರಾತ್ರಿ ತಪ್ಪದೆ ಹಾಕುತ್ತಿದ್ದೀರಿ, ಅದರ ಬಗ್ಗೆ ಆತಂಕದ ಒಂದು ಮಾತೂ ಇಲ್ಲ. ಈಗ ನಿಮ್ಮ ಮೂಗನ್ನು ಹೆಚ್ಚು ಕೆಡಿಸುತ್ತಿರುವುದು ಆ ಎರಡನೆಯದು. ಮೊದಲು ಅದನ್ನೇ ನೋಡೋಣ.

ಅಂಗಡಿಯಲ್ಲಿ ಸಿಗುವ ಮೂಗು ಬಿಡಿಸುವ ಡ್ರಾಪ್ಸ್ ಸಾಮಾನ್ಯವಾಗಿ ಕ್ಸೈಲೋಮೆಟಜೋಲಿನ್ ಅಥವಾ ಆಕ್ಸಿಮೆಟಜೋಲಿನ್. ಮೂಗಿನೊಳಗಿನ ರಕ್ತನಾಳಗಳನ್ನು ಇವು ಬಿಗಿದು ಕುಗ್ಗಿಸುತ್ತವೆ. ಊತ ಇಳಿದು, ಐದು ಹತ್ತು ನಿಮಿಷದಲ್ಲಿ ಗಾಳಿ ಸಲೀಸಾಗಿ ಆಡುತ್ತದೆ. ಅಲರ್ಜಿಯಿಂದ ಆದ ಉರಿಯೂತಕ್ಕೆ ಇವು ಏನೂ ಮಾಡುವುದಿಲ್ಲ. ದಿನಾ ಹಾಕುತ್ತ ಹೋದರೆ ಔಷಧದ ಬಿಗಿತ ಇಳಿದಾಗಲೆಲ್ಲ ರಕ್ತನಾಳಗಳು ಮೊದಲಿಗಿಂತ ಹೆಚ್ಚು ಉಬ್ಬತೊಡಗುತ್ತವೆ, ಮೂಗು ಮತ್ತೆ ಕಟ್ಟುತ್ತದೆ, ಕೈ ಮತ್ತೆ ಬಾಟಲಿಗೆ ಹೋಗುತ್ತದೆ. ಮೂರು ದಿನ, ಹೆಚ್ಚೆಂದರೆ ಐದು ದಿನ ಎಂಬ ಮಿತಿ ಇಟ್ಟಿರುವುದೇ ಇದಕ್ಕಾಗಿ. ನಿಮ್ಮ ಅತ್ತೆಯವರು ಹೇಳಿದ ‘ಬಿಡೋಕೆ ಆಗಲ್ಲ’ ಎಂಬ ಮಾತು ಈ ಬಾಟಲಿಯ ಮಟ್ಟಿಗೆ ಪೂರಾ ನಿಜ. ಬಿಪಿ ಇರುವವರಿಗೆ, ಎದೆ ಬಡಿತದ ತೊಂದರೆ ಇರುವವರಿಗೆ, ಕಣ್ಣಿನ ಕೋನ ಕಿರಿದಾಗಿ ಬರುವ ಬಗೆಯ ಗ್ಲಾಕೋಮಾದವರಿಗೆ ಇದು ಒಗ್ಗುವುದೂ ಇಲ್ಲ. ತಂದೆಯವರು ಇದೇ ಬಾಟಲಿಯನ್ನು ಎರವಲು ಪಡೆದು ಹಾಕಿಕೊಳ್ಳದಂತೆ ನೋಡಿಕೊಳ್ಳಿ.

ಫ್ಲುಟಿಕಾಸೋನ್ ಕೆಲಸ ಮಾಡುವ ದಾರಿಯೇ ಬೇರೆ. ಧೂಳುಹುಳದ ಕಣವೋ ಹೂವಿನ ಪರಾಗವೋ ಮೂಗಿನ ಪೊರೆಗೆ ತಾಗಿದ ಕೆಲವೇ ನಿಮಿಷಗಳಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಸೀನು, ತುರಿಕೆ, ನೀರು ಸುರಿಯುವುದು ಅದರಿಂದ. ಮೂಗು ಕಟ್ಟುವುದು ಹೆಚ್ಚಾಗಿ ಅದರ ಮುಂದಿನ ಹಂತ: ನಾಲ್ಕಾರು ಗಂಟೆಗಳಲ್ಲಿ ಉರಿಯೂತದ ಕೋಶಗಳು ಬಂದು ಪೊರೆಯಲ್ಲಿ ಸೇರಿಕೊಳ್ಳುತ್ತವೆ, ಪೊರೆ ದಪ್ಪಗಾಗುತ್ತದೆ. ಸ್ಟೀರಾಯ್ಡ್ ಸ್ಪ್ರೇ ಪೊರೆಯ ಕೋಶಗಳ ಒಳಹೊಕ್ಕು ಈ ಉರಿಯೂತಕ್ಕೆ ಬೇಕಾದ ರಾಸಾಯನಿಕಗಳ ತಯಾರಿಯನ್ನೇ ತಗ್ಗಿಸುತ್ತದೆ. ಅದಕ್ಕೆ ಕಾಲ ಬೇಕು. ಕೆಲವರಿಗೆ ಹನ್ನೆರಡು ಗಂಟೆಯಲ್ಲೇ ಸ್ವಲ್ಪ ಹಗುರ ಅನ್ನಿಸಬಹುದು, ಆದರೆ ಚೆನ್ನಾಗಿ ಗೊತ್ತಾಗಲು ಒಂದು ವಾರ, ಪೂರ್ಣ ಫಲಕ್ಕೆ ಎರಡು ವಾರ ಹಿಡಿಯುತ್ತದೆ. ಅದೂ ದಿನಾ ತಪ್ಪದೆ ಹಾಕಿದರೆ. ನಾಲ್ಕು ದಿನಕ್ಕೆ ಮೂಗು ಬಿಡದಿದ್ದುದರಲ್ಲಿ ಆಶ್ಚರ್ಯವಿಲ್ಲ. ಅದರ ಮೇಲೆ ಡ್ರಾಪ್ಸಿನ ಊತ ಬೇರೆ ಸೇರಿತ್ತು.

ಇನ್ನು ‘ಸ್ಟೀರಾಯ್ಡ್’ ಎಂಬ ಹೆಸರು. ಜಿಮ್‌ನಲ್ಲಿ ಮೈ ಕಟ್ಟಲು ಕೆಲವರು ಚುಚ್ಚಿಸಿಕೊಳ್ಳುವ ಸ್ಟೀರಾಯ್ಡಿಗೂ ಇದಕ್ಕೂ ಸಂಬಂಧವಿಲ್ಲ. ನಿಮ್ಮ ಸ್ಪ್ರೇ, ನಮ್ಮ ದೇಹವೇ ತಯಾರಿಸುವ ಕಾರ್ಟಿಸೋಲ್‌ನ ಜಾತಿಗೆ ಸೇರಿದ್ದು. ಅತ್ತೆಯವರು ಹೇಳಿದ ಮೂಳೆ ಸವೆತ, ಮುಖ ಊತ ಸುಳ್ಳಲ್ಲ. ಪ್ರೆಡ್ನಿಸೋಲೋನ್‌ನಂಥ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದವರಲ್ಲಿ, ಪದೇ ಪದೇ ಇಂಜೆಕ್ಷನ್ ತೆಗೆದುಕೊಂಡವರಲ್ಲಿ ಅವು ಆಗುತ್ತವೆ. ಸ್ಪ್ರೇಯ ಲೆಕ್ಕ ನೋಡಿ: ಒಂದು ಒತ್ತಿಗೆ 50 ಮೈಕ್ರೋಗ್ರಾಂ, ದಿನಕ್ಕೆ ನಾಲ್ಕು ಒತ್ತಿಗೆ 200 ಮೈಕ್ರೋಗ್ರಾಂ. ಫ್ಲುಟಿಕಾಸೋನ್ ಪ್ರೊಪಿಯೊನೇಟ್ ಮೂಗಿಗೆ ಹಾಕಿದಾಗ ರಕ್ತಕ್ಕೆ ಸೇರುವುದು ಶೇ. 2ಕ್ಕಿಂತ ಕಡಿಮೆ, ಅಂದರೆ ಸುಮಾರು 4 ಮೈಕ್ರೋಗ್ರಾಂ. ಗಂಟಲಿಗಿಳಿದು ಹೊಟ್ಟೆ ಸೇರಿದ ಭಾಗವನ್ನು ಯಕೃತ್ತು ಮೊದಲ ಸುತ್ತಿನಲ್ಲೇ ಒಡೆದು ಹಾಕುತ್ತದೆ. 10 ಮಿಲಿಗ್ರಾಂನ ಒಂದು ಪ್ರೆಡ್ನಿಸೋಲೋನ್ ಮಾತ್ರೆ ಎಂದರೆ 10,000 ಮೈಕ್ರೋಗ್ರಾಂ, ಅದರ ಬಹುಪಾಲು ರಕ್ತಕ್ಕೆ ಹೋಗುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಫ್ಲುಟಿಕಾಸೋನ್ ಹೆಚ್ಚು ಪ್ರಬಲ, ಹಾಗಾಗಿ ಬರೀ ಅಂಕಿ ನೋಡಿ ತೀರ್ಮಾನಿಸಬಾರದು. ಅದನ್ನು ಲೆಕ್ಕಕ್ಕೆ ಹಿಡಿದರೂ ಅಂತರ ದೊಡ್ಡದೇ.

ಎಲ್ಲ ಸ್ಪ್ರೇಗಳೂ ಈ ವಿಷಯದಲ್ಲಿ ಒಂದೇ ಅಲ್ಲ. ಫ್ಲುಟಿಕಾಸೋನ್, ಮೊಮೆಟಾಸೋನ್ ರಕ್ತಕ್ಕೆ ಸೇರುವುದು ತೀರ ಕಡಿಮೆ. ಹಳೆಯ ಬೆಕ್ಲೊಮೆಥಾಸೋನ್, ಹಾಗೆಯೇ ಬುಡೆಸೊನೈಡ್ ಇವಕ್ಕಿಂತ ಹೆಚ್ಚು ಸೇರುತ್ತವೆ. ಬೀಟಾಮೆಥಸೋನ್ ಡ್ರಾಪ್ಸ್‌ ವಿಷಯದಲ್ಲಂತೂ ಎಚ್ಚರ ಬೇಕು. ಕಣ್ಣಿಗೋ ಕಿವಿಗೋ ತಂದದ್ದನ್ನು ಮೂಗಿಗೂ ಬಿಟ್ಟುಕೊಳ್ಳುವ ರೂಢಿ ನಮ್ಮ ಮನೆಗಳಲ್ಲಿದೆ. ಅದು ದೇಹಕ್ಕೆ ಸೇರುವ ಪ್ರಮಾಣ ಜಾಸ್ತಿ, ತಿಂಗಳುಗಟ್ಟಲೆ ಹಾಕುವಂಥದ್ದಲ್ಲ.

ನಿಲ್ಲಿಸಿದರೆ ಏನಾಗುತ್ತದೆ? ಹೇಳಿದ ಪ್ರಮಾಣದಲ್ಲಿ ಹಾಕುವ ಈ ಸ್ಪ್ರೇಯನ್ನು ಯಾವ ದಿನ ಬೇಕಾದರೂ ನಿಲ್ಲಿಸಬಹುದು, ಮಾತ್ರೆಯ ಹಾಗೆ ಹಂತಹಂತವಾಗಿ ಇಳಿಸಲೇಬೇಕೆಂದಿಲ್ಲ. ಕೆಲವು ದಿನ ಕಳೆದು ಸೀನು ಮರಳಬಹುದು, ಏಕೆಂದರೆ ಅಲರ್ಜಿ ಒಳಗೇ ಇದೆ. ಕನ್ನಡಕ ತೆಗೆದಾಗ ಅಕ್ಷರ ಮಸುಕಾದರೆ ಕನ್ನಡಕ ಚಟವಾಯಿತು ಎನ್ನುವುದಿಲ್ಲವಲ್ಲ.

ಈಗ ಆ ರಕ್ತದ ವಿಷಯ. ನೀವು ಬಲಗೈಯವರು, ಎರಡೂ ಹೊಳ್ಳೆಗೆ ಬಲಗೈಯಲ್ಲೇ ಹಾಕಿದ್ದೀರಿ ಎಂದು ನನ್ನ ಊಹೆ. ಕನ್ನಡಿ ಮುಂದೆ ನಿಂತು ಬಲಗೈಯಲ್ಲಿ ಬಾಟಲಿ ಹಿಡಿದು ಬಲ ಹೊಳ್ಳೆಗೆ ಇಟ್ಟು ನೋಡಿ. ಕೈ ಬಲಗಡೆಯಿಂದ ಬರುವುದರಿಂದ ಮೂತಿ ತಾನಾಗಿ ಎಡಕ್ಕೆ, ಅಂದರೆ ಎರಡು ಹೊಳ್ಳೆಗಳ ನಡುವಿನ ಗೋಡೆಗೆ ತಿರುಗುತ್ತದೆ. ಆ ಗೋಡೆಯ ಮುಂಭಾಗದಲ್ಲಿ ಸಣ್ಣ ರಕ್ತನಾಳಗಳ ಬಲೆಯೇ ಇದೆ. ಸಾಮಾನ್ಯವಾಗಿ ಮೂಗಿನಿಂದ ರಕ್ತ ಬರುವುದು ಅಲ್ಲಿಂದಲೇ. ಒಂದೇ ಜಾಗಕ್ಕೆ ದಿನಾ ಔಷಧ ಬಡಿದರೆ ಪೊರೆ ಒಣಗಿ, ಹಕ್ಕಳೆ ಕಟ್ಟಿ, ಒಡೆದು ರಕ್ತ ಬರುತ್ತದೆ. ಅದೇ ಬಲಗೈಯಲ್ಲಿ ಎಡ ಹೊಳ್ಳೆಗೆ ಹಾಕುವಾಗ ಮೂತಿ ಹೊರಗೋಡೆಯ ಕಡೆ ತಿರುಗುತ್ತದೆ, ಅದಕ್ಕೇ ಎಡ ಹೊಳ್ಳೆಗೆ ಏನೂ ಆಗಲಿಲ್ಲ. ಔಷಧ ಸೇರಬೇಕಾದದ್ದೂ ಆ ಹೊರಗೋಡೆಗೇ. ಅಲ್ಲಿಂದ ಒಳಕ್ಕೆ ಚಾಚಿದ ಮೆತ್ತನೆಯ ಮಡಿಕೆಗಳೇ ಊದಿಕೊಂಡು ಮೂಗನ್ನು ಕಟ್ಟಿರುವುದು.

ಆದ್ದರಿಂದ ಒಂದೇ ನಿಯಮ ನೆನಪಿಡಿ: ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ.

ಉಳಿದ ಕ್ರಮ ಹೀಗೆ. ಹೊಸ ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಿ, ಗಾಳಿಯಲ್ಲಿ ಆರೇಳು ಸಲ ಒತ್ತಿ, ಒಂದೇ ಸಮನಾದ ಮಂಜಿನಂತೆ ಬರಬೇಕು. ಕೆಲವು ಬ್ರ್ಯಾಂಡ್‌ಗಳಿಗೆ ಹತ್ತು ಸಲ ಬೇಕಾಗುತ್ತದೆ, ಒಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಆಮೇಲೆ ದಿನಾ ಅಲುಗಾಡಿಸಿದರೆ ಸಾಕು. ಒಂದು ವಾರ ಬಳಸದೆ ಇಟ್ಟಿದ್ದರೆ ಮತ್ತೆ ಗಾಳಿಯಲ್ಲಿ ಒತ್ತಿ ನೋಡಿಯೇ ಹಾಕಿ, ಇಲ್ಲದಿದ್ದರೆ ಮೊದಲ ಒಂದೆರಡು ಒತ್ತಿಗೆ ಅರೆಬರೆ ಔಷಧ ಬರುತ್ತದೆ. ಹಾಕುವ ಮುಂಚೆ ಮೂಗನ್ನು ಮೆಲ್ಲಗೆ ಸೀದಿ ಸ್ವಚ್ಛ ಮಾಡಿಕೊಳ್ಳಿ. ಸಿಂಬಳದ ಮೇಲೆ ಬಿದ್ದ ಔಷಧ ಸಿಂಬಳದ ಜೊತೆಗೇ ಹೋಗುತ್ತದೆ.

ತಲೆಯನ್ನು ಹಿಂದಕ್ಕೆ ಎತ್ತಬೇಡಿ. ಡ್ರಾಪ್ಸ್ ಹಾಕಿ ಅಭ್ಯಾಸವಾದವರು ಮಾಡುವ ತಪ್ಪೇ ಇದು, ನಿಮ್ಮ ಔಷಧ ಗಂಟಲಿಗೆ ಇಳಿದದ್ದೂ ಇದರಿಂದಲೇ ಇರಬೇಕು. ಕಾಲಿನ ಬೆರಳು ನೋಡುವಂತೆ ತಲೆ ತುಸು ಮುಂದಕ್ಕೆ ಬಾಗಲಿ. ಮೂತಿಯ ತುದಿಯನ್ನಷ್ಟೇ ಹೊಳ್ಳೆಯೊಳಗೆ ಇಟ್ಟು, ಅದೇ ಬದಿಯ ಕಣ್ಣಿನ ಹೊರಮೂಲೆಯತ್ತ ತಿರುಗಿಸಿ. ಒತ್ತುವಾಗ ಹೂವು ಮೂಸಿ ನೋಡುವಷ್ಟು ಮೆಲ್ಲಗೆ ಉಸಿರು ಎಳೆದುಕೊಳ್ಳಿ. ಸೊರ್ ಎಂದು ಜೋರಾಗಿ ಎಳೆದರೆ ಔಷಧ ಮೂಗನ್ನು ದಾಟಿ ಗಂಟಲಿಗೆ ಬೀಳುತ್ತದೆ. ಬಾಯಿಂದ ಉಸಿರು ಬಿಡಿ. ಎರಡನೇ ಒತ್ತನ್ನು ಸ್ವಲ್ಪ ಮೇಲಕ್ಕೋ ಕೆಳಕ್ಕೋ ತಿರುಗಿಸಿ ಹಾಕಿ. ನಂತರ ಹತ್ತು ಹದಿನೈದು ನಿಮಿಷ ಮೂಗು ಸೀದಬೇಡಿ. ಮೂತಿಯನ್ನು ಒಣ ಬಟ್ಟೆಯಲ್ಲಿ ಒರೆಸಿ ಮುಚ್ಚಳ ಹಾಕಿ. ಕಟ್ಟಿಕೊಂಡರೆ ಪಿನ್ನಿನಿಂದ ಚುಚ್ಚಬೇಡಿ, ರಂಧ್ರ ದೊಡ್ಡದಾಗಿ ಡೋಸ್ ಕೆಡುತ್ತದೆ. ಮೂತಿ ಬಿಚ್ಚಿ ಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿದರೆ ಸಾಕು.

ಹೊತ್ತು ಬೆಳಗಿನದಾದರೆ ಒಳ್ಳೆಯದು, ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಇಟ್ಟುಕೊಳ್ಳಿ. ಸ್ಪ್ರೇ ಹಾಕಿ ಆಮೇಲೆ ಬ್ರಷ್ ಮಾಡಿ ಬಾಯಿ ಮುಕ್ಕಳಿಸಿದರೆ ಗಂಟಲಲ್ಲಿ ಉಳಿದದ್ದೂ ಹೋಗುತ್ತದೆ, ಮರೆಯುವುದೂ ಇಲ್ಲ.

ಬಲ ಹೊಳ್ಳೆಗೆ ಎರಡು ಮೂರು ದಿನ ಸ್ಪ್ರೇ ಬೇಡ. ರಾತ್ರಿ ಮಲಗುವಾಗ ಬೆರಳ ತುದಿಯಲ್ಲಿ ಕಡಲೆಬೇಳೆಯ ಅರ್ಧದಷ್ಟು ಪೆಟ್ರೋಲಿಯಂ ಜೆಲ್ಲಿ ತೆಗೆದು ನಡುಗೋಡೆಯ ಮುಂಭಾಗಕ್ಕೆ ಸವರಿ, ಉಗುರು ತಾಗಬಾರದು. ನಂತರ ದಿಕ್ಕು ಬದಲಿಸಿ ಮತ್ತೆ ಶುರು ಮಾಡಿ. ಮತ್ತೆ ರಕ್ತ ಬಂದರೆ ಕೂತು ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ತಲೆ ಹಿಂದಕ್ಕೆ ಹಾಕಿದರೆ ರಕ್ತ ಗಂಟಲಿಗೆ ಹೋಗುತ್ತದೆ. ಇಪ್ಪತ್ತು ನಿಮಿಷಕ್ಕೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅಷ್ಟು ಹೊತ್ತು ಕಾಯುವುದು ಬೇಡ. ಸ್ಪ್ರೇಯಿಂದ ನಡುಗೋಡೆಯಲ್ಲಿ ತೂತು ಬೀಳುವುದು ಬಹಳ ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನಲಾಗದು. ಉಸಿರಾಡುವಾಗ ಸೀಟಿಯಂಥ ಸದ್ದು, ದಿನಾ ಹಕ್ಕಳೆ ಕಂಡರೆ ಸ್ಪ್ರೇ ನಿಲ್ಲಿಸಿ ಇಎನ್‌ಟಿಯವರಿಗೆ ತೋರಿಸಿ.

ಡ್ರಾಪ್ಸ್ ಬಿಡುವ ದಾರಿ ಇದು. ಮೊದಲ ಒಂದು ವಾರ ಸ್ಪ್ರೇಯನ್ನು ಸರಿಯಾಗಿ ಹಾಕಿ, ರಾತ್ರಿಯ ಡ್ರಾಪ್ಸ್ ಹಾಗೇ ಇರಲಿ. ಎರಡನೇ ವಾರ ಒಂದು ಹೊಳ್ಳೆಗೆ ಡ್ರಾಪ್ಸ್ ಪೂರ್ತಿ ನಿಲ್ಲಿಸಿ, ಇನ್ನೊಂದಕ್ಕೆ ಮಾತ್ರ ಹಾಕಿ. ನಿಲ್ಲಿಸಿದ ಹೊಳ್ಳೆ ಮೂರು ನಾಲ್ಕು ರಾತ್ರಿ ಗಟ್ಟಿಯಾಗಿ ಕಟ್ಟುತ್ತದೆ, ಮುಂದೆ ನಿಧಾನವಾಗಿ ತೆರೆಯುತ್ತದೆ. ಅದು ಬಿಟ್ಟಿತೆಂದು ಖಾತ್ರಿಯಾದ ಮೇಲೆ ಎರಡನೆಯದಕ್ಕೂ ನಿಲ್ಲಿಸಿ. ಆ ರಾತ್ರಿಗಳಲ್ಲಿ ಇನ್ನೊಂದು ದಿಂಬು ಇಟ್ಟು ತಲೆ ಎತ್ತರ ಮಾಡಿ ಮಲಗಿ, ಮಲಗುವ ಮುಂಚೆ ಉಪ್ಪುನೀರಿನಲ್ಲಿ ಮೂಗು ತೊಳೆಯಿರಿ. ಕಷ್ಟದ ದಿನಗಳೇ, ಆದರೆ ಬೆರಳೆಣಿಕೆಯವು. ಸಹಿಸಲಾಗದಿದ್ದರೆ ಡ್ರಾಪ್ಸಿಗೆ ಮರಳುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ.

ಉಪ್ಪುನೀರಿಗೆ ಅಳತೆ: ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಮುಕ್ಕಾಲು ಟೀ ಚಮಚ, ಸುಮಾರು ನಾಲ್ಕೂವರೆ ಗ್ರಾಂ, ಅಯೋಡಿನ್ ಇಲ್ಲದ ಉಪ್ಪು. ಉರಿದರೆ ಚಿಟಿಕೆ ಅಡುಗೆ ಸೋಡಾ. ಜಲನೇತಿ ಬಲ್ಲವರಿಗೆ ಇದು ಹೊಸದಲ್ಲ. ಆದರೆ ನೀರು ಕುದಿಸಿ ಆರಿಸಿದ್ದೇ ಆಗಬೇಕು. ನಲ್ಲಿ, ಬೋರ್‌ವೆಲ್, ಕೆರೆಯ ನೀರನ್ನು ನೇರವಾಗಿ ಮೂಗಿಗೆ ಏರಿಸಬಾರದು. ಮಿದುಳಿಗೆ ಹೋಗುವ ಅಮೀಬಾ ದೇಹ ಸೇರುವುದು ಮೂಗಿನ ದಾರಿಯಲ್ಲೇ, ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ಆ ಸೋಂಕಿನ ಪ್ರಕರಣಗಳು ಕಂಡಿವೆ. ಬೆಳಿಗ್ಗೆ ತೊಳೆಯುವುದಾದರೆ ಮೊದಲು ತೊಳೆದು, ಹತ್ತು ಹದಿನೈದು ನಿಮಿಷ ಬಿಟ್ಟು ಸ್ಪ್ರೇ. ಹಿಂದುಮುಂದಾದರೆ ಹಾಕಿದ ಔಷಧವನ್ನು ನೀವೇ ತೊಳೆದುಬಿಟ್ಟಂತೆ.

ಸೀನು, ನೀರು, ಕಟ್ಟುವಿಕೆ ಹತೋಟಿಗೆ ಬಂದು ಎರಡು ಮೂರು ವಾರವಾದ ಮೇಲೆ ಡಾಕ್ಟರನ್ನು ಕೇಳಿ ಒಂದೊಂದು ಹೊಳ್ಳೆಗೆ ಒಂದೇ ಒತ್ತಿಗೆ ಇಳಿಸಬಹುದು. ದಿನಕ್ಕೆ 100 ಮೈಕ್ರೋಗ್ರಾಂನಲ್ಲಿ ಬಹಳ ಜನ ಆರಾಮಾಗಿರುತ್ತಾರೆ. ಎಷ್ಟರಲ್ಲಿ ಮೂಗು ಸುಮ್ಮನಿರುತ್ತದೋ ಅಷ್ಟೇ ಸಾಕು.

ಮಗನ ಪ್ರಶ್ನೆಗೆ ‘ಏನೂ ಆಗಲ್ಲ ಬಿಡಿ’ ಎಂದು ತಳ್ಳಿಹಾಕುವುದು ನನಗೆ ಇಷ್ಟವಿಲ್ಲ. ಬೆಕ್ಲೊಮೆಥಾಸೋನ್ ಸ್ಪ್ರೇಯನ್ನು ದಿನಕ್ಕೆ ಎರಡು ಬಾರಿ ಒಂದು ವರ್ಷ ಹಾಕಿದ ಮಕ್ಕಳು, ಹಾಕದ ಮಕ್ಕಳಿಗಿಂತ ಸುಮಾರು 0.9 ಸೆಂ.ಮೀ. ಕಡಿಮೆ ಬೆಳೆದದ್ದು ಅಧ್ಯಯನದಲ್ಲಿ ಕಂಡಿದೆ. ಫ್ಲುಟಿಕಾಸೋನ್‌ನ ಇನ್ನೊಂದು ರೂಪವಾದ ಫ್ಲುಟಿಕಾಸೋನ್ ಫ್ಯೂರೊಯೇಟ್‌ನಲ್ಲಿ ಆ ಅಂತರ ವರ್ಷಕ್ಕೆ 0.27 ಸೆಂ.ಮೀ. ಮೊಮೆಟಾಸೋನ್ ಅನ್ನು ವರ್ಷವಿಡೀ ಹಾಕಿ ನೋಡಿದಾಗ ಬೆಳವಣಿಗೆ ಕುಂಠಿತವಾದದ್ದು ಕಾಣಲಿಲ್ಲ. ನಿಮ್ಮ ಡಾಕ್ಟರು ಮಗನಿಗೆ ಇದನ್ನು ಆರಿಸಿರುವುದು ಸರಿಯಾಗಿದೆ. ಒಂಬತ್ತು ವರ್ಷದವನಿಗೆ ಪ್ರಮಾಣ ದಿನಕ್ಕೊಮ್ಮೆ, ಒಂದೊಂದು ಹೊಳ್ಳೆಗೆ ಒಂದೇ ಒತ್ತು, ಒಟ್ಟು 100 ಮೈಕ್ರೋಗ್ರಾಂ. ನಿಮ್ಮ ಬಾಟಲಿ ಅವನಿಗೆ, ಅವನದು ನಿಮಗೆ ಬೇಡ. ಆರು ತಿಂಗಳಿಗೊಮ್ಮೆ ಅವನನ್ನು ಗೋಡೆಗೆ ನಿಲ್ಲಿಸಿ ಎತ್ತರ ಗುರುತು ಮಾಡಿ, ತಾರೀಕು ಬರೆದಿಡಿ. ಆಸ್ತಮಾಕ್ಕೆ ಇನ್‌ಹೇಲರ್, ಚರ್ಮಕ್ಕೆ ಸ್ಟೀರಾಯ್ಡ್ ಮುಲಾಮು ಏನಾದರೂ ಇದ್ದರೆ ಡಾಕ್ಟರಿಗೆ ಹೇಳಲೇಬೇಕು, ಎಲ್ಲವನ್ನೂ ಕೂಡಿ ಲೆಕ್ಕ ಹಾಕಬೇಕಾಗುತ್ತದೆ. ಔಷಧ ಕೊಡದೆ ಬಿಟ್ಟರೂ ನಷ್ಟವಿದೆ. ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡಗೆರೆ ಬಿದ್ದ ಮಕ್ಕಳನ್ನು ನೋಡಿರುತ್ತೀರಿ. ಅವರಿಗೆ ರಾತ್ರಿ ಬಾಯಿ ತೆರೆದ ನಿದ್ದೆ, ಬೆಳಿಗ್ಗೆ ಶಾಲೆಯಲ್ಲಿ ತೂಕಡಿಕೆ.

ಗ್ಲಾಕೋಮಾ ನಿಮ್ಮ ತಂದೆಗಿದೆ, ನಿಮಗಿಲ್ಲ. ಮೂಗಿನ ಸ್ಪ್ರೇಯಿಂದ ಕಣ್ಣಿನ ಒತ್ತಡ ಏರುವ ಸಂಭವ ಕಡಿಮೆ, ಆದರೆ ಮನೆತನದಲ್ಲಿ ಇರುವುದರಿಂದ ಈಗೊಮ್ಮೆ ಕಣ್ಣಿನ ಒತ್ತಡ ಪರೀಕ್ಷಿಸಿಕೊಂಡು, ಸ್ಪ್ರೇ ಮುಂದುವರಿದರೆ ವರ್ಷಕ್ಕೊಮ್ಮೆ ನೋಡಿಸಿ. ನಿಮ್ಮ ವಯಸ್ಸಿಗೆ ಆ ಪರೀಕ್ಷೆ ಹೇಗೂ ಒಳ್ಳೆಯದೇ.

ಜನ ಹೇಳಲು ಮರೆಯುವ ಒಂದು ವಿಷಯವಿದೆ. ಹುಳುಕಡ್ಡಿಗೆ ಇಟ್ರಾಕೊನಜೋಲ್ ಕ್ಯಾಪ್ಸೂಲ್ ವಾರಗಟ್ಟಲೆ ನುಂಗುವವರು ಈಗ ಬಹಳ. ಫ್ಲುಟಿಕಾಸೋನ್ ಅನ್ನು ಯಕೃತ್ತು ಒಡೆಯುವುದನ್ನು ಅದು ತಡೆಯುತ್ತದೆ, ಆಗ ರಕ್ತದಲ್ಲಿ ಸ್ಟೀರಾಯ್ಡ್ ಏರಿ ಅತ್ತೆಯವರು ಹೇಳಿದ ಮುಖ ಊತವೆಲ್ಲ ನಿಜಕ್ಕೂ ಬರಬಹುದು. ಎಚ್‌ಐವಿಗೆ ಕೊಡುವ ರಿಟೊನವಿರ್ ಕೂಡ ಹೀಗೇ. ಚರ್ಮದ ಡಾಕ್ಟರ ಬಳಿ ಹೋದಾಗ ಸ್ಪ್ರೇಯ ಹೆಸರನ್ನೂ ಹೇಳಿ. ಮೂಗಿನ ಆಪರೇಷನ್ ಆದವರು, ಪೆಟ್ಟು ಬಿದ್ದವರು ಗಾಯ ಮಾಯುವ ತನಕ ಹಾಕಬಾರದು. ಗರ್ಭಿಣಿಯರು ತಾವಾಗಿ ಶುರು ಮಾಡದೆ ಡಾಕ್ಟರನ್ನು ಕೇಳಲಿ.

ಸ್ಪ್ರೇ ಬೇಡವೆಂದರೆ ಬೇರೆ ಏನಿದೆ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಸೆಟಿರಿಜಿನ್, ಫೆಕ್ಸೊಫೆನಡಿನ್ ಮಾತ್ರೆಗಳು ಸೀನು, ತುರಿಕೆಗೆ ಒಳ್ಳೆಯವು, ಕಟ್ಟಿದ ಮೂಗಿಗೆ ಅಷ್ಟಕ್ಕಷ್ಟೆ. ಸೆಟಿರಿಜಿನ್ ಕೆಲವರಿಗೆ ನಿದ್ದೆ ಬರಿಸುತ್ತದೆ. ಸ್ಪ್ರೇ ಒಂದೇ ಸಾಲದಿದ್ದರೆ ಫ್ಲುಟಿಕಾಸೋನ್ ಜೊತೆ ಅಜೆಲಾಸ್ಟಿನ್ ಎಂಬ ಅಲರ್ಜಿ ಔಷಧ ಸೇರಿದ ಸ್ಪ್ರೇ ಇದೆ, ಬೇಗ ಕೆಲಸ ಮಾಡುತ್ತದೆ, ಬಾಯಿ ಕಹಿಯಾಗುತ್ತದೆ. ಮಾಂಟೆಲುಕಾಸ್ಟ್ ಸೇರಿದ ಮಾತ್ರೆಯನ್ನು ನಮ್ಮಲ್ಲಿ ನೀರಿನಂತೆ ಬರೆಯುತ್ತಾರೆ. ಕೆಟ್ಟ ಕನಸು, ಸಿಡುಕು, ಖಿನ್ನತೆ ತರಬಹುದೆಂದು ಅಮೆರಿಕದ ಔಷಧ ನಿಯಂತ್ರಕರು 2020ರಲ್ಲಿ ಅದಕ್ಕೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದ್ದಾರೆ. ಬರೀ ಮೂಗಿನ ಅಲರ್ಜಿಗೆ ಅದು ಮೊದಲ ಆಯ್ಕೆಯಾಗಬಾರದು, ಮಕ್ಕಳಿಗಂತೂ ಯೋಚಿಸಿಯೇ ಕೊಡಬೇಕು. ‘ಒಂದು ಇಂಜೆಕ್ಷನ್ ಹಾಕಿಸಿಕೊಳ್ಳಿ, ಇಡೀ ಸೀಸನ್ ಸೀನು ಬರಲ್ಲ’ ಎಂದು ಯಾರಾದರೂ ಹೇಳಿದರೆ ಅದು ದೇಹದಲ್ಲಿ ವಾರಗಟ್ಟಲೆ ನಿಲ್ಲುವ ಸ್ಟೀರಾಯ್ಡ್ ಇಂಜೆಕ್ಷನ್ ಇರಬಹುದು. ಸಕ್ಕರೆ ಏರುವುದು, ಮೂಳೆ ಸವೆಯುವುದು, ಚುಚ್ಚಿದ ಜಾಗ ಗುಳಿ ಬೀಳುವುದು ಅದರಿಂದ. ಬೇಡವೇ ಬೇಡ. ಮೂಗಿನಲ್ಲಿ ‘ದುರ್ಮಾಂಸ’ ಇದೆ, ಕತ್ತರಿಸೋಣ ಎಂದರೂ ಅವಸರ ಮಾಡಬೇಡಿ. ಹಾಗೆ ಕರೆಯುವುದು ಎಷ್ಟೋ ಸಲ ಅಲರ್ಜಿಯಿಂದ ಊದಿದ ಮಡಿಕೆಗಳನ್ನೇ. ಕತ್ತರಿಸಿದರೆ ಗಾಳಿಗೆ ಜಾಗವಾಗಬಹುದು, ಅಲರ್ಜಿ ಹೋಗುವುದಿಲ್ಲ.

ವರ್ಷವಿಡೀ, ಅದೂ ಹಾಸಿಗೆಯಿಂದ ಏಳುತ್ತಿದ್ದಂತೆ ಬರುವ ಸೀನಿನ ಹಿಂದೆ ಹೆಚ್ಚಾಗಿ ಇರುವುದು ದಿಂಬು ಹಾಸಿಗೆಯ ಧೂಳುಹುಳ. ದಿಂಬಿನ ಚೀಲ, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆಯಿರಿ, ಹಳೆಯ ಹತ್ತಿ ದಿಂಬನ್ನು ಬದಲಿಸಿ. ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಮಲಗುವ ಕೋಣೆಯಲ್ಲಿ ಊದುಬತ್ತಿ, ಸೊಳ್ಳೆಬತ್ತಿ ಬೇಡ. ಮಳೆ ಬಿದ್ದ ಮೇಲೆ ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಗಿಡ ಹೂಬಿಡುವಾಗ ತೊಂದರೆ ಜಾಸ್ತಿಯಾಗುವುದಾದರೆ ಅದನ್ನೂ ಡಾಕ್ಟರಿಗೆ ಹೇಳಿ, ಚರ್ಮದ ಅಲರ್ಜಿ ಪರೀಕ್ಷೆಗೆ ಅದು ಸುಳಿವು.

ಬಾಟಲಿಯ ಮೇಲೆ ಶುರು ಮಾಡಿದ ತಾರೀಕು ಬರೆಯಿರಿ. 120 ಡೋಸಿನದಾದರೆ ದಿನಕ್ಕೆ ನಾಲ್ಕರಂತೆ 30 ದಿನಕ್ಕೆ ಮುಗಿಯಿತು. ಆಮೇಲೂ ತಳದಲ್ಲಿ ದ್ರವ ಕಾಣುತ್ತದೆ, ಒತ್ತಿದರೆ ಬರುತ್ತದೆ, ಆದರೆ ಒಂದೊಂದು ಒತ್ತಿಗೆ ಎಷ್ಟು ಔಷಧ ಎಂಬ ಖಾತ್ರಿ ಇರುವುದಿಲ್ಲ. ಹೊಸದು ಕೊಳ್ಳುವಾಗ ಹೆಸರಿನ ಕೆಳಗಿನ ಸಣ್ಣ ಅಕ್ಷರ ಓದಿ, ಅದರಲ್ಲಿ ಆಕ್ಸಿಮೆಟಜೋಲಿನ್ ಸೇರಿದ್ದರೆ ಅದು ದಿನಾ ಹಾಕುವ ಬಾಟಲಿಯಲ್ಲ.

ಒಂದೇ ಹೊಳ್ಳೆ ಸದಾ ಕಟ್ಟಿರುವುದು, ಒಂದೇ ಕಡೆ ರಕ್ತ ಬೆರೆತ ಸಿಂಬಳ, ವಾಸನೆ ಹೋಗುವುದು, ರಾತ್ರಿ ಕೆಮ್ಮು ಅಥವಾ ಎದೆಯಲ್ಲಿ ಸುಯ್ಯೆನ್ನುವ ಸದ್ದು ಕಂಡರೆ ತಡಮಾಡದೆ ತೋರಿಸಿ. ಅವೇನೂ ಇಲ್ಲದಿದ್ದರೂ ನಾಲ್ಕು ವಾರ ಸರಿಯಾಗಿ ಹಾಕಿದ ಮೇಲೆ ಡಾಕ್ಟರ ಬಳಿ ಹೋಗಿ. ಹೋಗುವಾಗ ಎರಡೂ ಬಾಟಲಿ ಜೊತೆಗಿರಲಿ, ಅವರೆದುರಿಗೇ ಒಮ್ಮೆ ಸ್ಪ್ರೇ ಹಾಕಿ ತೋರಿಸಿ, ಮಗನ ಕೈಯಲ್ಲೂ ಹಾಕಿಸಿ.